ಬಣ್ಣದ ಪೆನ್ಸಿಲ್ಲಿನ ಪರಿಕರಗಳು: ಒಂದು ಸಂವಾದ

(ಮಾತನಾಡುವವರು: ಸಸ್ಯಶಾಸ್ತ್ರವನ್ನು ಬೋಧಿಸುವ ಒಬ್ಬ ಅಧ್ಯಾಪಕರು, ಬಹುಕಾಲದಿಂದ ಗಿಡಮರಗಳ ಚಿತ್ರ ಬರೆಯುತ್ತ ಬಂದಿರುವ ಒಬ್ಬ ಚಿತ್ರಕರ್ತೆ.)

ಅಧ್ಯಾಪಕ: ಅಮ್ಮಾ, ನಮ್ಮ ಕಾಲೇಜಿನಲ್ಲಿ ಈ ವರ್ಷದಿಂದ ವಿದ್ಯಾರ್ಥಿಗಳು ಸುತ್ತಮುತ್ತಣ ಗಿಡಗಳನ್ನು ಬಣ್ಣದ ಪೆನ್ಸಿಲ್ಲಿನಲ್ಲಿ ಚಿತ್ರಿಸಬೇಕೆಂದು ಗೊತ್ತುಮಾಡಿದ್ದೇವೆ, ಅದಕ್ಕೆ ಬೇಕಾದ ಪರಿಕರಗಳ ಪಟ್ಟಿಯನ್ನು ನಾನು ಒಪ್ಪಿಸಬೇಕಾಗಿದೆ. ಪೆನ್ಸಿಲ್ಲುಗಳ ವಿಚಾರದಲ್ಲಿ ಅಂಗಡಿಯವರ ಮಾತೂ ಗೆಳೆಯರ ಮಾತೂ ಹೆಚ್ಚುಕಡಮೆ ಒಂದೇ ಆಗಿದ್ದಿತು. ರಬ್ಬರಿನ ವಿಚಾರಕ್ಕೆ ಬಂದಾಗ ಮಾತ್ರ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಬಿಳಿಯ ರಬ್ಬರು, ನಾದುವ ರಬ್ಬರು, ಪೆನ್ಸಿಲ್ಲಿನ ಆಕಾರದ ರಬ್ಬರು, ಬ್ಯಾಟರಿಯಿಂದ ತಿರುಗುವ ರಬ್ಬರು ಎಂದು ಅಂಗಡಿಯ ಕಪಾಟಿನಲ್ಲಿ ಸಾಲಾಗಿ ಜೋಡಿಸಿಟ್ಟಿರುವ ಇವುಗಳಲ್ಲಿ ಯಾವುದನ್ನು ಆರಿಸತಕ್ಕದ್ದು ಎಂಬುದನ್ನು ತಾವು ತಿಳಿಸಿಕೊಟ್ಟರೆ, ಮಕ್ಕಳ ದುಡ್ಡೂ ಕಾಲೇಜಿನ ದುಡ್ಡೂ ಉಳಿದೀತು.

ಚಿತ್ರಕರ್ತೆ: ಹೇಳುತ್ತೇನೆ, ಮೇಷ್ಟ್ರೇ. ಆದರೆ ಯಾವ ರಬ್ಬರು ಎಂದು ಕೇಳುವುದಕ್ಕೆ ಮೊದಲು, ಅಳಿಸಬೇಕಾಗಿರುವ ಗೆರೆ ಎಂತಹದು ಎಂದು ಕೇಳಿಕೊಳ್ಳುವುದು ಉಚಿತ. ಒಂದು ಕಾಗದದ ಮೇಲೆ ಸಾಮಾನ್ಯವಾದ ಸೀಸದಕಡ್ಡಿಯಿಂದ ಒಂದು ಗೆರೆಯನ್ನೂ, ಅದರ ಪಕ್ಕದಲ್ಲಿಯೇ ಕೆಂಪು ಬಣ್ಣದ ಪೆನ್ಸಿಲ್ಲಿನಿಂದ ಮತ್ತೊಂದನ್ನೂ ಎಳೆದು, ಶಾಲೆಯ ಮಕ್ಕಳ ಕೈಯಲ್ಲಿರುವ ರಬ್ಬರಿನಿಂದ ಎರಡನ್ನೂ ಉಜ್ಜಿ ನೋಡಿ. ಮೊದಲನೆಯದು ಹೊರಟುಹೋಗುತ್ತದೆ, ಎರಡನೆಯದು ಹೋಗುವುದಿರಲಿ, ಅಕ್ಕಪಕ್ಕದ ಬಿಳಿಯ ಜಾಗಕ್ಕೂ ಹರಡಿ, ಗೆರೆಯಿದ್ದದ್ದು ಕಲೆಯಾಗಿ ನಿಲ್ಲುತ್ತದೆ. ಈ ಭೇದದ ಕಾರಣವನ್ನು ತಿಳಿದವರಿಗೆ ಪಟ್ಟಿಯನ್ನು ಬರೆಯುವುದು ಕಷ್ಟವಾಗಲಾರದು.

ಅಧ್ಯಾಪಕ: ಕಾರಣದಲ್ಲಿ ಅರ್ಧವನ್ನು ನಾನೇ ಊಹಿಸಬಲ್ಲೆ. ಗ್ರಾಫೈಟೆಂಬುದು ಇಂಗಾಲದ ತೆಳುಪದರಗಳು ಒಂದರ ಮೇಲೊಂದು ಸಡಿಲವಾಗಿ ಕುಳಿತಿರುವ ವಸ್ತು. ಕಾಗದಕ್ಕೆ ತಾಕಿದೊಡನೆ ಆ ಪದರಗಳು ಜಾರಿ, ನಾರುಗಳ ನಡುವಣ ತಗ್ಗುಗಳಲ್ಲಿ ಒಣಹುಡಿಯಾಗಿ ತಂಗುತ್ತವೆ. ಆ ಹುಡಿ ಕಾಗದವನ್ನು ಹಿಡಿದುಕೊಂಡಿರುವುದಕ್ಕಿಂತ ಹೆಚ್ಚು ಬಲವಾಗಿ ರಬ್ಬರಿಗೆ ಹತ್ತಿಕೊಳ್ಳುವುದರಿಂದ, ಉಜ್ಜಿದಾಗ ಅದರೊಡನೆ ಹೊರಬರುತ್ತದೆ. ಬಣ್ಣದ ಪೆನ್ಸಿಲ್ಲಿನ ಒಡಲಲ್ಲಿ ಏನಿದೆಯೆಂಬುದನ್ನು ಮಾತ್ರ ತಾವೇ ಹೇಳಬೇಕು.

ಚಿತ್ರಕರ್ತೆ: ವರ್ಣದ ಹುಡಿ, ಚೀನೀ ಜೇಡಿ ಅಥವಾ ಟಾಲ್ಕಿನಂತಹ ಒಂದು ಪೂರಕದ್ರವ್ಯ, ಇವನ್ನು ಒಂದುಗೂಡಿಸುವ ಗೋಂದು, ಇಷ್ಟರ ಜೊತೆಗೆ ಮೇಣ, ಇಲ್ಲವೆ ಎಣ್ಣೆ. ಗ್ರಾಫೈಟನ್ನು ಜೇಡಿಯೊಡನೆ ಕಲಸಿ ಗೂಡಿನಲ್ಲಿ ಸುಡುವ ಕ್ರಮ 1795ರಲ್ಲಿ ಫ್ರಾನ್ಸಿನ ಕೊಂತೆ ಎಂಬಾತನಿಂದ ಬಂದದ್ದು. ಬಣ್ಣದ ಕಡ್ಡಿಯನ್ನು ಹಾಗೆ ಸುಟ್ಟರೆ ಮೇಣವೂ ಉಳಿಯದು, ಬಹುಮಟ್ಟಿಗೆ ಬಣ್ಣವೂ ಉಳಿಯದು. ಆದಕಾರಣ ಅದನ್ನು ಒಣಗಿಸುವುದುಂಟೇ ಹೊರತು ಸುಡುವುದಿಲ್ಲ. ಹೀಗಾಗಿ ಆ ಕಡ್ಡಿ ಮೃದು. ನಾವು ಒತ್ತಿ ಎಳೆದಾಗ ಘರ್ಷಣೆಯ ಬಿಸಿಗೆ ಮೇಣ ಕಿಂಚಿತ್ತು ಮೆತ್ತಗಾಗಿ, ವರ್ಣವನ್ನು ತನ್ನೊಡನೆ ಹೊತ್ತುಕೊಂಡು ಕಾಗದದ ನಾರಿಗೆ ಲೇಪವಾಗಿಬಿಡುತ್ತದೆ. ಅದನ್ನು ರಬ್ಬರಿನಿಂದ ಉಜ್ಜುವುದೆಂದರೆ ಮತ್ತಷ್ಟು ಘರ್ಷಣೆ, ಮತ್ತಷ್ಟು ಬಿಸಿ, ಮತ್ತಷ್ಟು ಲೇಪ. ತೆಗೆಯಬೇಕೆಂದು ಮಾಡಿದ ಕೆಲಸವೇ ಬಣ್ಣವನ್ನು ಒಳಕ್ಕೆ ತಳ್ಳುತ್ತದೆ. ವರ್ಣಗಳಲ್ಲಿಯೂ ಭೇದವುಂಟು: ಥ್ಯಾಲೊ ನೀಲಿ, ಥ್ಯಾಲೊ ಹಸಿರು, ಕೆಲವು ಗಾಢವಾದ ಕೆಂಪುಗಳು ಇವು ನಾರಿಗೆ ಕಲೆ ಹಿಡಿಸುವ ಜಾತಿಯವು, ಮಣ್ಣಿನ ಕಂದು ಬಣ್ಣಗಳು ಅಷ್ಟು ಹಟ ಮಾಡುವುದಿಲ್ಲ.

ಅಧ್ಯಾಪಕ: ಹಾಗಾದರೆ ರಬ್ಬರೆಂಬುದು ಈ ಕೆಲಸಕ್ಕಾಗಿ ಹುಟ್ಟಿದ ವಸ್ತುವೇ ಅಲ್ಲವೆಂದಾಯಿತು.

ಚಿತ್ರಕರ್ತೆ: ಅಹುದು, ಅದರ ಚರಿತ್ರೆಯೂ ಅದನ್ನೇ ಹೇಳುತ್ತದೆ. ರಬ್ಬರು ಬರುವುದಕ್ಕೆ ಮುಂಚೆ ಯೂರೋಪಿನವರು ಬ್ರೆಡ್ಡಿನ ತಿರುಳನ್ನು ಉಂಡೆಮಾಡಿ ಗ್ರಾಫೈಟಿನ ಗೆರೆಗಳನ್ನು ಒರಸುತ್ತಿದ್ದರು. ಆಮ್ಲಜನಕದ ವಿಚಾರದಲ್ಲಿ ತಾವು ಹೆಸರು ಕೇಳಿರುವ ಜೋಸೆಫ್ ಪ್ರೀಸ್ಟ್ಲಿಯೇ, 1770ರಲ್ಲಿ ಪ್ರಕಟಿಸಿದ ತನ್ನ ಯಥಾದೃಷ್ಟಿ ಚಿತ್ರಣದ ಗ್ರಂಥದಲ್ಲಿ, ಸೀಸದಕಡ್ಡಿಯ ಗುರುತನ್ನು ಒರಸುವುದಕ್ಕೆ ಅತ್ಯಂತ ಯೋಗ್ಯವಾದ ಒಂದು ಪದಾರ್ಥವನ್ನು ಕಂಡೆನೆಂದೂ, ಲಂಡನ್ನಿನ ಉಪಕರಣಕಾರನಾದ ಎಡ್ವರ್ಡ್ ನೇರ್ನ್ ಎಂಬಾತ ಸುಮಾರು ಅರ್ಧ ಅಂಗುಲದ ಘನಾಕೃತಿಯ ತುಂಡನ್ನು ಮೂರು ಷಿಲ್ಲಿಂಗಿಗೆ ಮಾರುತ್ತಾನೆಂದೂ, ಅದು ಹಲವು ವರ್ಷ ಬಾಳಿಕೆ ಬರುವುದೆಂದೂ ಬರೆದಿದ್ದಾನೆ. ಅಷ್ಟು ಚಿಕ್ಕ ತುಂಡಿಗೆ ಆ ಕಾಲದಲ್ಲಿ ಅದು ಅಲ್ಪವಾದ ಬೆಲೆಯಲ್ಲ.

ಅಧ್ಯಾಪಕ: ಅಮೆರಿಕ ಖಂಡದ ಕಾಡುಮರಗಳ ಹಾಲು ಹೆಪ್ಪುಗಟ್ಟಿ ಹಡಗಿನಲ್ಲಿ ಬರುತ್ತಿದ್ದ ಕಾಲವದು, ಬೆಲೆ ಹೆಚ್ಚಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಹಸಿಯ ರಬ್ಬರು ಸೆಕೆಗೆ ಅಂಟಂಟಾಗಿ, ಚಳಿಗೆ ಪೆಡಸಾಗಿ ಹೋಗುತ್ತಿದ್ದಿತು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಅದನ್ನು ಗಂಧಕದೊಡನೆ ಕಾಯಿಸಿ ಹದಗೊಳಿಸುವ ಉಪಾಯವನ್ನು ಕಂಡುಕೊಂಡ ಬಳಿಕವೇ ಅದಕ್ಕೆ ಸ್ಥಿರವಾದ ಗುಣ ಬಂದದ್ದು.

ಚಿತ್ರಕರ್ತೆ: ಆ ಸುದೀರ್ಘವಾದ ಸಂಸ್ಕಾರವೆಲ್ಲವೂ ಗ್ರಾಫೈಟನ್ನು ಉದ್ದೇಶಿಸಿ ನಡೆಯಿತೆಂಬುದನ್ನು ಗಮನಿಸಿ. ಚಿತ್ರಕಾರರಿಗೆಂದು ಉತ್ತಮವಾದ ಬಣ್ಣದ ಪೆನ್ಸಿಲ್ಲುಗಳು ದೊರೆತದ್ದು ಬಹಳ ಈಚೆಗೆ: ಜರ್ಮನಿಯ ಫೇಬರ್ ಕ್ಯಾಸೆಲ್ ಸಂಸ್ಥೆಯ ಪಾಲಿಕ್ರೋಮೋಸ್ 1908ರಲ್ಲಿ, ಅಮೆರಿಕದ ಪ್ರಿಸ್ಮಾಕಲರ್ 1938ರಲ್ಲಿ. ಆದ್ದರಿಂದ ರಬ್ಬರಿನ ಅಂಗಡಿಯಲ್ಲಿ ನಮಗೆ ಬೇಕಾದದ್ದೆಲ್ಲ ಸಿಕ್ಕೀತೆಂದು ನಿರೀಕ್ಷಿಸುವುದು ನ್ಯಾಯವಲ್ಲ. ನನ್ನ ಮೇಜಿನ ಮೇಲೆ ಬಣ್ಣವನ್ನು ತೆಗೆಯುವುದಕ್ಕೆಂದು ಇಟ್ಟುಕೊಂಡಿರುವ ಸಾಮಗ್ರಿಯಲ್ಲಿ ಅರ್ಧಕ್ಕರ್ಧ ರಬ್ಬರೇ ಅಲ್ಲ.

ಅಧ್ಯಾಪಕ: ಅದೇನೆಂದು ತಿಳಿಯುವ ಕುತೂಹಲವಾಗುತ್ತಿದೆ. ಆದರೆ ಮೊದಲು, ಎಲ್ಲರೂ ಹೊಗಳುವ ಆ ನಾದುವ ರಬ್ಬರಿನ ಗುಣವನ್ನು ತಿಳಿಸಿ.

ಚಿತ್ರಕರ್ತೆ: ನೋಡಿ, ಇದು. ಬೂದುಬಣ್ಣದ ಈ ತುಂಡನ್ನು ಹೋಳಿಗೆಯ ಕಣಕದಂತೆ ಎಳೆದು, ಮಡಿಚಿ, ನಾದಿ ಬೇಕಾದ ಆಕಾರಕ್ಕೆ ತರಬಹುದು: ಮೊನೆಯಾಗಿಸಿದರೆ ಒಂದು ಕೇಸರದ ತುದಿಯನ್ನು ಮುಟ್ಟೀತು, ಚಪ್ಪಟೆ ಮಾಡಿದರೆ ಇಡೀ ಎಲೆಯನ್ನು ಮುಚ್ಚೀತು. ಇದನ್ನು ಉಜ್ಜಕೂಡದು, ಬಣ್ಣದ ಮೇಲೆ ಒತ್ತಬೇಕು, ನೇರವಾಗಿ ಮೇಲಕ್ಕೆ ಎತ್ತಬೇಕು. ಒತ್ತಿದಾಗಲೊಮ್ಮೆ ಮೇಲಿನ ಪದರದ ಸಡಿಲವಾದ ಬಣ್ಣ ಅಷ್ಟಷ್ಟೇ ಅದಕ್ಕೆ ಅಂಟಿಕೊಂಡು ಬರುತ್ತದೆ. ಕೊಳೆಯಾದ ಮುಖವನ್ನು ಒಳಕ್ಕೆ ಮಡಿಚಿ ಹೊಸ ಮುಖವನ್ನು ಹೊರಕ್ಕೆ ತಂದುಕೊಳ್ಳುತ್ತ ಹೋದರೆ ಬಹುಕಾಲ ನಡೆಯುತ್ತದೆ. ಒಳಗೆ ಶುಚಿಯಾದ ಮುಖ ಇನ್ನು ಸಿಕ್ಕದೆಂದು ಕಂಡಾಗ ಮತ್ತೊಂದನ್ನು ಕೊಳ್ಳತಕ್ಕದ್ದು. ಇದನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಬೇಕು. ಬೇಸಗೆಯಲ್ಲಿ ಮೇಜಿನ ಮೇಲೆ ಬಿಟ್ಟರೆ ಮೆತ್ತಗಾಗಿ, ಇರುವ ಧೂಳನ್ನೆಲ್ಲ ತನ್ನೊಳಕ್ಕೆ ಸೇರಿಸಿಕೊಳ್ಳುತ್ತದೆ.

ಅಧ್ಯಾಪಕ: ಹೀಗೆ ಒತ್ತಿ ಎತ್ತಿದರೆ ಕಾಗದ ಪೂರ್ತಿಯಾಗಿ ಬಿಳುಪಾಗುವುದೇ?

ಚಿತ್ರಕರ್ತೆ: ಆಗುವುದಿಲ್ಲ, ಆಗಬೇಕೆಂದು ಬಯಸುವುದೂ ಸಲ್ಲದು. ಬಣ್ಣದ ಪೆನ್ಸಿಲ್ಲಿನ ಕೆಲಸದಲ್ಲಿ ನಮಗೆ ಬೇಕಾಗುವುದು ಹತ್ತರಲ್ಲಿ ಒಂಬತ್ತು ಸಲ ತಿಳಿಮಾಡುವುದಷ್ಟೆ. ಗಾಢವಾದ ಜಾಗವನ್ನು ಒಂದೆರಡು ಮಟ್ಟ ಇಳಿಸಿ, ಅದರ ಮೇಲೆ ಸರಿಯಾದ ಬಣ್ಣವನ್ನು ಕೂರಿಸುವುದಕ್ಕೆ ಎಡೆ ಮಾಡಿಕೊಂಡರೆ ಸಾಕು. ಕೆಳಗೆ ಉಳಿದ ಬಣ್ಣ ಮೇಲಿನದಕ್ಕೆ ಆಳವನ್ನು ಕೊಡುತ್ತದೆ. ಆದರೆ ನಾದುವ ರಬ್ಬರಿನ ಅತಿಮುಖ್ಯವಾದ ಕೆಲಸ ಬಣ್ಣ ಬೀಳುವುದಕ್ಕೆ ಮೊದಲೇ ನಡೆಯತಕ್ಕದ್ದು. ತಾವು ಕಕ್ಕೆಯ ಹೂವನ್ನು ಬರೆಯುತ್ತೀರೆಂದು ಇಟ್ಟುಕೊಳ್ಳಿ. ದಳಗಳ ಹೊರಗೆರೆಯನ್ನು ಗ್ರಾಫೈಟಿನಲ್ಲಿ ಬರೆದು, ಅದರ ಮೇಲೆಯೇ ಹಳದಿಯನ್ನು ಹಾಕಿದರೆ, ಕಪ್ಪು ಹುಡಿ ಹಳದಿಯೊಡನೆ ಬೆರೆತು ಅಂಚೆಲ್ಲ ಪಾಚಿಯ ಬಣ್ಣವಾಗುತ್ತದೆ; ಮೇಲಾಗಿ ಮೇಣದ ಲೇಪದ ಅಡಿಗೆ ಸಿಕ್ಕಿದ ಗ್ರಾಫೈಟನ್ನು ಆಮೇಲೆ ಯಾವ ರಬ್ಬರೂ ಮುಟ್ಟಲಾರದು. ಆದಕಾರಣ ರೇಖಾಚಿತ್ರ ಮುಗಿದೊಡನೆ ಅದರ ಮೇಲೆ ಈ ತುಂಡನ್ನು ಲಟ್ಟಿಸುವ ಕೋಲಿನಂತೆ ದುಂಡಗೆ ಮಾಡಿ ಉರುಳಿಸಿ, ಬರೆದವರ ಕಣ್ಣಿಗೆ ಮಾತ್ರ ಕಾಣುವಷ್ಟು ಮಸುಕಾದ ಗೆರೆಯನ್ನು ಉಳಿಸಿಕೊಳ್ಳಬೇಕು. ದಳದ ಹೊರಗೆರೆಯನ್ನು ಹಳದಿಯ ಪೆನ್ಸಿಲ್ಲಿನಿಂದಲೇ ಮರಳಿ ಬರೆದುಕೊಂಡು, ಗ್ರಾಫೈಟನ್ನು ಸಂಪೂರ್ಣವಾಗಿ ತೆಗೆದುಬಿಡುವುದು ಇನ್ನೂ ಉತ್ತಮ.

ಅಧ್ಯಾಪಕ: ಇದು ಒಂದು ವಿಷಯವನ್ನು ನೆನಪಿಗೆ ತರುತ್ತದೆ. ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರರು ಹುಣಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಿಲು ಮಾಡಿಕೊಂಡು, ಅದರಿಂದ ಮೊದಲ ರೇಖೆಯನ್ನು ಬರೆಯುತ್ತಿದ್ದರೆಂದು ಕೇಳಿದ್ದೇನೆ.

ಚಿತ್ರಕರ್ತೆ: ಸರಿಯಾಗಿ ಹೇಳಿದಿರಿ. ಇದ್ದಿಲಿನ ಗೆರೆ ಬಟ್ಟೆಯಿಂದ ಝಾಡಿಸಿದರೆ ಹೊರಟುಹೋಗುವಂತಹದು. ಅದರಲ್ಲಿ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಬದಲಾಯಿಸುವ ಸ್ವಾತಂತ್ರ್ಯವೆಲ್ಲವನ್ನೂ ಆ ಕರಡಿನ ಘಟ್ಟದಲ್ಲಿಯೇ ಉಪಯೋಗಿಸಿಕೊಂಡು, ಬಣ್ಣಕ್ಕೆ ಕೈಯಿಟ್ಟ ಮೇಲೆ ನಿಶ್ಚಯದಿಂದ ನಡೆಯುವುದು ಆ ಪರಂಪರೆಯ ಕ್ರಮ. ಬಣ್ಣದ ಪೆನ್ಸಿಲ್ಲು ಪಶ್ಚಿಮದ ವಸ್ತುವಾದರೂ ಈ ಕ್ರಮಕ್ಕೆ ಆಶ್ಚರ್ಯಕರವಾಗಿ ಹೊಂದಿಕೊಳ್ಳುತ್ತದೆ. ತಮ್ಮ ವಿದ್ಯಾರ್ಥಿಗಳಿಗೆ ನಾನು ಕಲಿಸಬೇಕೆಂದಿರುವ ವಿಷಯ ಇದೊಂದೇ ಎಂದರೂ ಸಲ್ಲುತ್ತದೆ: ಕರಡನ್ನು ಬೇರೊಂದು ಅಗ್ಗದ ಕಾಗದದ ಮೇಲೆ ಬರೆದು, ಅಲ್ಲಿಯೇ ತಿದ್ದಿ, ಅಳಿಸಿ, ಮನಸ್ಸು ನೆಲೆಗೊಂಡ ಮೇಲೆ ಒಳ್ಳೆಯ ಕಾಗದಕ್ಕೆ ಇಳಿಸಿಕೊಳ್ಳಲಿ. ಕಿಟಕಿಯ ಗಾಜಿಗೆ ಹಚ್ಚಿ ಹಿಡಿದು ಇಳಿಸಿಕೊಂಡರೂ ಆದೀತು.

ಅಧ್ಯಾಪಕ: ಒಪ್ಪಿದೆ. ಆದರೂ ಬಣ್ಣ ಬಿದ್ದ ಮೇಲೆ ತಪ್ಪುವುದು ಮನುಷ್ಯಸಹಜವಷ್ಟೆ. ರಬ್ಬರಲ್ಲದ ಆ ಸಾಮಗ್ರಿ ಯಾವುದು?

ಚಿತ್ರಕರ್ತೆ: ಸೆಲ್ಲೋಟೇಪು. ನಗಬೇಡಿ, ಗಾಢವಾದ ಬಣ್ಣವನ್ನು ತೆಗೆಯುವುದರಲ್ಲಿ ಇದಕ್ಕೆ ಸಮನಾದದ್ದು ಕಡಮೆ. ಒಂದು ತುಂಡನ್ನು ಕತ್ತರಿಸಿ, ಮೊದಲು ಉಟ್ಟ ಬಟ್ಟೆಗೆ ಒಂದು ಸಲ ಒತ್ತಿ ತೆಗೆದು ಅದರ ಅಂಟನ್ನು ತಗ್ಗಿಸಿಕೊಳ್ಳಬೇಕು. ಇಲ್ಲವಾದರೆ ಬಣ್ಣದೊಡನೆ ಕಾಗದದ ತೊಗಲೂ ಎದ್ದುಬರುವ ಭಯವುಂಟು. ತದನಂತರ ಅದನ್ನು ಚಿತ್ರದ ಮೇಲೆ ಹಗುರಾಗಿ, ಒತ್ತದೆ, ಹಾಸಬೇಕು. ಈಗ ಶಾಯಿ ತೀರಿದ ಬಾಲ್‌ಪೆನ್ನಿನ ತುದಿಯಿಂದ, ಎಲ್ಲಿ ಬಣ್ಣ ಹೋಗಬೇಕೋ ಅಷ್ಟೇ ಜಾಗವನ್ನು ಟೇಪಿನ ಮೇಲೆ ಬರೆಯಬೇಕು. ಅಂಟು ಬರೆದ ಕಡೆಯಲ್ಲಿ ಮಾತ್ರ ಹಿಡಿಯುತ್ತದೆ. ಟೇಪನ್ನು ಮೆಲ್ಲನೆ, ಕಾಗದಕ್ಕೆ ಸಮಾಂತರವಾಗಿ ಬಾಗಿಸಿ ಎತ್ತಿದರೆ, ಅಷ್ಟೇ ಆಕಾರದ ಬಣ್ಣ ಅದರೊಡನೆ ಎದ್ದುಬರುತ್ತದೆ. ಒಂದು ಎಲೆಯ ನಡುನರವನ್ನು ಮರೆತು ಬಣ್ಣ ಹಾಕಿದ್ದರೆ, ನರವನ್ನು ಹೀಗೆ ಹಿಂದಕ್ಕೆ ಪಡೆಯಬಹುದು. ಗೋಡೆಗೆ ಚಿತ್ರಪಟಗಳನ್ನು ಅಂಟಿಸುವ ಬ್ಲೂ ಟ್ಯಾಕ್ ಎಂಬ ಮೇಣದಂತಹ ಅಂಟಿದೆಯಲ್ಲ, ಅದೂ ಉತ್ತಮವಾದದ್ದೇ. ನಾದುವ ರಬ್ಬರಿಗಿಂತ ಅದರ ಹಿಡಿತ ಬಿಗಿ, ಆದ್ದರಿಂದ ಮೇಣ ಹೆಚ್ಚಾಗಿರುವ ಪೆನ್ಸಿಲ್ಲುಗಳಿಗೆ ಅದನ್ನೇ ನಾನು ಮುಂದುಮಾಡುತ್ತೇನೆ.

ಅಧ್ಯಾಪಕ: ಹಾಗಾದರೆ ಬಿಳಿಯ ರಬ್ಬರಿಗೂ, ಬ್ಯಾಟರಿಯ ಯಂತ್ರಕ್ಕೂ ಸ್ಥಾನವೇ ಇಲ್ಲವೆ?

ಚಿತ್ರಕರ್ತೆ: ಸ್ಥಾನವುಂಟು, ಸರದಿಯಲ್ಲಿ ಕೊನೆಯ ಸ್ಥಾನ. ಒತ್ತಿ ಎತ್ತುವುದರಿಂದ ಹೋಗುವಷ್ಟು ಬಣ್ಣವೆಲ್ಲ ಹೋದ ಮೇಲೆ, ನಾರಿನೊಳಗೆ ಉಳಿದ ಛಾಯೆಯನ್ನು ತೆಗೆಯುವುದಕ್ಕೆ ಬಿಳಿಯ ರಬ್ಬರು ಬೇಕು. ಇಂದಿನ ಬಿಳಿಯ ರಬ್ಬರುಗಳಲ್ಲಿ ಬಹುಪಾಲು ಮರದ ಹಾಲಿನಿಂದಾದವಲ್ಲ, ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕಿಗೆ ಮೆದುಗೊಳಿಸುವ ದ್ರವ್ಯವನ್ನು ಸೇರಿಸಿ ಮಾಡಿದವು. ಆ ಮೆದುಗೊಳಿಸುವ ದ್ರವ್ಯ ಪ್ಲಾಸ್ಟಿಕ್ ಡಬ್ಬಿಯ ಗೋಡೆಯನ್ನೂ ಕರಗಿಸಿ ಅದಕ್ಕೆ ಅಂಟಿಕೊಳ್ಳುವುದುಂಟು. ಆದ್ದರಿಂದಲೇ ಅದಕ್ಕೆ ಕಾಗದದ ಕವಚವನ್ನು ತೊಡಿಸಿರುತ್ತಾರೆ, ಅದನ್ನು ಕಿತ್ತೆಸೆಯಬಾರದು. ನಮ್ಮ ಅಂಗಡಿಗಳಲ್ಲಿ ಸಿಕ್ಕುವ ನಾನ್-ಡಸ್ಟ್ ರಬ್ಬರೇ ವಿದ್ಯಾರ್ಥಿಗಳಿಗೆ ಧಾರಾಳವಾಗಿ ಸಾಕು. ಅದನ್ನು ಇಡಿಯಾಗಿ ಹಿಡಿದು ಉಜ್ಜದೆ, ಬ್ಲೇಡಿನಿಂದ ಕರ್ಣರೇಖೆಯ ಗುಂಟ ಕೊಯ್ದು, ಹರಿತವಾದ ಮೂಲೆಯನ್ನು ಉಪಯೋಗಿಸಬೇಕು; ಮೂಲೆ ಬಣ್ಣ ಹಿಡಿದೊಡನೆ ಮರಳಿ ಕೊಯ್ಯಬೇಕು. ಬಣ್ಣ ಹತ್ತಿದ ರಬ್ಬರು ಕುಂಚದ ಕೆಲಸವನ್ನು ಮಾಡುತ್ತದೆಯೇ ಹೊರತು ರಬ್ಬರಿನದನ್ನಲ್ಲ.

ಬ್ಯಾಟರಿಯ ರಬ್ಬರಿನ ವಿಶೇಷವೆಂದರೆ, ತುದಿ ವೇಗವಾಗಿ ತಿರುಗುವುದರಿಂದ ನಾವು ಒತ್ತುವ ಅವಶ್ಯವಿಲ್ಲ. ಕಾಗದಕ್ಕೆ ತಾಕಿಸಿ ತೆಗೆದರೆ ಸಾಕು. ಆದರೆ ವೇಗದಿಂದಲೇ ಬಿಸಿಯೂ ಹುಟ್ಟುವುದರಿಂದ, ಒಂದೇ ಜಾಗದಲ್ಲಿ ನಿಲ್ಲಿಸಿದರೆ ಮೇಣ ಕರಗಿ ಹರಡೀತು, ನಾರು ಎದ್ದೀತು. ತಾಕಿಸುವುದು, ತೆಗೆಯುವುದು, ತುದಿಯನ್ನು ಉಪ್ಪುಕಾಗದದ ಮೇಲೆ ಒಂದು ಕ್ಷಣ ತಿರುಗಿಸಿ ಶುಚಿಮಾಡುವುದು, ಮತ್ತೆ ತಾಕಿಸುವುದು: ಇಷ್ಟು ತಾಳ್ಮೆಯುಳ್ಳವರಿಗೆ ಅದು ಅಮೂಲ್ಯವಾದ ಸಾಧನ. ಅದರ ಜೊತೆಗೆ ಸಣ್ಣಸಣ್ಣ ಕಿಂಡಿಗಳಿರುವ ತೆಳುವಾದ ಉಕ್ಕಿನ ಹಲಗೆಯೊಂದು ಸಿಕ್ಕುತ್ತದೆ. ಹಿಂದೆ ನಕ್ಷೆ ಬರೆಯುವವರು ಉಪಯೋಗಿಸುತ್ತಿದ್ದದ್ದು. ಅದನ್ನು ಚಿತ್ರದ ಮೇಲಿಟ್ಟು ಕಿಂಡಿಯ ಮೂಲಕ ಅಳಿಸಿದರೆ ಅಕ್ಕಪಕ್ಕದ ಬಣ್ಣ ಸುರಕ್ಷಿತ. ಇಡೀ ತರಗತಿಗೆ ಇಂತಹ ಯಂತ್ರ ಒಂದಿದ್ದರೆ ಸಾಲದೆ? ಜಪಾನಿನ ಟೊಂಬೊ ಸಂಸ್ಥೆಯ, 2.3 ಮಿಲಿಮೀಟರ್ ದಪ್ಪದ ಕಡ್ಡಿಯುಳ್ಳ ಮೊನೊ ಝೀರೋ ಎಂಬ ರಬ್ಬರು ಹೂವಿನ ಪರಾಗಕೋಶದಷ್ಟು ಚಿಕ್ಕ ಜಾಗವನ್ನು ಕೂಡ ಮುಟ್ಟಬಲ್ಲದು, ಕೊಳ್ಳಬಲ್ಲವರು ಕೊಳ್ಳಲಿ.

ಅಧ್ಯಾಪಕ: ಶಾಯಿಯನ್ನು ಅಳಿಸುವುದೆಂದು ಮಾರುವ, ಕೈಗೆ ಒರಟಾದ ರಬ್ಬರು?

ಚಿತ್ರಕರ್ತೆ: ಬೇಡ. ಅದರಲ್ಲಿ ಉಜ್ಜುಪುಡಿ ಸೇರಿರುತ್ತದೆ. ಅದು ಬಣ್ಣವನ್ನು ತೆಗೆಯುವುದು ಕಾಗದವನ್ನೇ ಸವೆಸಿ. ಗುಲಾಬಿ ಬಣ್ಣದ ಹಳೆಯ ರಬ್ಬರೂ ಹಾಗೆಯೇ. ಮೇಲಾಗಿ ತನ್ನ ಬಣ್ಣವನ್ನೇ ಬಿಟ್ಟುಹೋಗುವುದುಂಟು.

ಅಧ್ಯಾಪಕ: ಕಾಗದ ಸವೆದರೆ ನಷ್ಟವೇನೆಂಬುದನ್ನು ಸ್ವಲ್ಪ ವಿವರಿಸಿ. ನಮ್ಮ ಹುಡುಗರು ಅಗ್ಗದ ಡ್ರಾಯಿಂಗ್ ಶೀಟುಗಳನ್ನೇ ತರುವವರು.

ಚಿತ್ರಕರ್ತೆ: ಕಾಗದದ ಮೈಮೇಲಿನ ತರಿಯೇ ಈ ಕಲೆಯ ಜೀವ. ಆ ತರಿಯ ಉಬ್ಬುಗಳು ಪೆನ್ಸಿಲ್ಲಿನಿಂದ ಬಣ್ಣವನ್ನು ಕೆರೆದುಕೊಳ್ಳುತ್ತವೆ, ತಗ್ಗುಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ತಗ್ಗುಗಳೆಲ್ಲ ಮೇಣದಿಂದ ತುಂಬಿದ ಮೇಲೆ ಇನ್ನೊಂದು ಪದರ ಕೂರದೆ ಜಾರುತ್ತದೆ. ರಬ್ಬರಿನಿಂದ ಒರಟಾಗಿ ಉಜ್ಜಿದರೆ ಆ ಉಬ್ಬುತಗ್ಗುಗಳ ವ್ಯವಸ್ಥೆಯೇ ಕೆಟ್ಟು, ಎದ್ದ ನಾರುಗಳು ಮುಂದಿನ ಬಣ್ಣವನ್ನು ಮಿತಿಮೀರಿ ಹೀರಿ ಕಪ್ಪುಕಪ್ಪಾದ ಚುಕ್ಕೆಗಳನ್ನು ತೋರಿಸುತ್ತವೆ. ಹಾಗೆ ಆದಲ್ಲಿ ಒಂದು ಬಟರ್ ಪೇಪರನ್ನು ಮೇಲೆ ಹಾಸಿ, ಚಮಚದ ಬೆನ್ನಿನಿಂದ ಮೃದುವಾಗಿ ಒತ್ತಿ ನಾರುಗಳನ್ನು ಮಲಗಿಸಬಹುದು. ಮೊದಲಿನ ಮೈ ಬಾರದಿದ್ದರೂ ಕೆಲಸ ನಡೆಯುತ್ತದೆ. ಕಾಗದದ ವಿಚಾರದಲ್ಲಿ ಮಾತ್ರ ಜಿಪುಣತನ ಕೂಡದೆಂದು ನಾನು ಪ್ರಾರ್ಥಿಸುತ್ತೇನೆ, ಮೇಷ್ಟ್ರೇ. ಹತ್ತಿಯ ನಾರಿನಿಂದ ಮಾಡಿ, ಬಿಸಿಯ ಉರುಳೆಗಳ ನಡುವೆ ಒತ್ತಿ ನಯಗೊಳಿಸಿದ, ಚದರ ಮೀಟರಿಗೆ 300 ಗ್ರಾಂ ತೂಗುವ ಜಲವರ್ಣದ ಕಾಗದ ಹತ್ತಾರು ಪದರಗಳನ್ನೂ ಹಲವು ಸಲದ ತಿದ್ದುಪಡಿಯನ್ನೂ ಸಹಿಸುತ್ತದೆ. ಪೆನ್ಸಿಲ್ಲುಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿಯಾದರೂ ಅಂತಹ ಕಾಗದದ ನಾಲ್ಕಾರು ಹಾಳೆಗಳನ್ನು ಪ್ರತಿಯೊಬ್ಬ ವಿದ್ಯಾರ್ಥಿಗೂ ಒದಗಿಸಿ. ಒಂದು ದೊಡ್ಡ ಹಾಳೆಯನ್ನು ನಾಲ್ಕು ತುಂಡು ಮಾಡಿಕೊಂಡರೂ ಒಂದು ಗಿಡಕ್ಕೆ ಸಾಲುತ್ತದೆ.

ಅಧ್ಯಾಪಕ: ಬರೆದುಕೊಂಡೆ. ಗಿಡಗಳ ಚಿತ್ರದಲ್ಲಿ ನಮಗೆ ಒಂದು ವಿಶೇಷವಾದ ತೊಡಕುಂಟು. ಎಕ್ಕದ ಎಲೆಯ ಮೇಲಿನ ಬಿಳಿಯ ತುಪ್ಪುಳ, ತುಳಸಿಯ ಕಾಂಡದ ಮೇಲಿನ ರೋಮಗಳು, ಎಲೆಗಳ ಕಿರುನರಗಳ ಜಾಲ, ಇವೆಲ್ಲ ಗುರುತುಹಿಡಿಯುವುದಕ್ಕೆ ಆವಶ್ಯಕವಾದ ಲಕ್ಷಣಗಳು. ಎಲ್ಲವೂ ಗಾಢವಾದ ಹಿನ್ನೆಲೆಯ ಮೇಲೆ ತಿಳಿಯಾಗಿ ಕಾಣಬೇಕಾದವು. ಇವನ್ನು ಬಣ್ಣ ಹಾಕಿದ ಮೇಲೆ ಅಳಿಸಿ ತರುವುದೆ?

ಚಿತ್ರಕರ್ತೆ: ಬಹಳ ಒಳ್ಳೆಯ ಪ್ರಶ್ನೆ. ಇಲ್ಲಿ ಅಳಿಸುವುದಕ್ಕಿಂತ ಎಷ್ಟೋ ಸುಂದರವಾದ ಉಪಾಯವಿದೆ. ತುದಿಯಲ್ಲಿ ಸಣ್ಣ ಗುಂಡಿರುವ ಒಂದು ಲೋಹದ ಕಡ್ಡಿಯಿಂದ, ಇಲ್ಲವಾದರೆ ಅದೇ ಶಾಯಿ ತೀರಿದ ಬಾಲ್‌ಪೆನ್ನಿನಿಂದ, ಬಣ್ಣ ಹಾಕುವುದಕ್ಕೆ ಮುನ್ನವೇ ಕಾಗದದ ಮೇಲೆ ಆ ರೋಮಗಳನ್ನು ಒತ್ತಿ ಬರೆಯಿರಿ. ಕಾಗದದಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ತೋಡುಗಳಾಗುತ್ತವೆ. ಆಮೇಲೆ ಪೆನ್ಸಿಲ್ಲನ್ನು ಓರೆಯಾಗಿ ಹಿಡಿದು ಬಣ್ಣ ಹಾಕಿದರೆ, ಕಡ್ಡಿಯ ಪಕ್ಕ ತೋಡನ್ನು ಮುಟ್ಟದೆ ಮೇಲೆಯೇ ಹಾದುಹೋಗುತ್ತದೆ. ಹಸುರಿನ ನಡುವೆ ಬಿಳಿಯ ರೋಮಗಳು ತಾವಾಗಿ ಎದ್ದುಬರುತ್ತವೆ. ಮೊದಲು ತಿಳಿಹಸುರನ್ನು ಹಾಕಿ, ಅದರ ಮೇಲೆ ತೋಡನ್ನೊತ್ತಿ, ಅನಂತರ ಗಾಢವಾದ ಹಸುರನ್ನು ಹಾಕಿದರೆ ನರಗಳು ತಿಳಿಹಸುರಾಗಿ ಉಳಿಯುತ್ತವೆ. ಇದನ್ನು ಮೊದಲ ಸಲ ನೋಡಿದ ಮಕ್ಕಳ ಮುಖವನ್ನು ತಾವು ನೋಡಬೇಕು. ಮೊದಲೇ ಯೋಚಿಸದೆ ಹೋದವರಿಗೆ ಹರಿತವಾದ ಬ್ಲೇಡು ಉಂಟು: ಮೇಣದ ಪದರಗಳು ದಪ್ಪವಾಗಿ ಕೂತ ಮೇಲೆ, ಬ್ಲೇಡಿನ ಮೊನೆಯನ್ನು ಮಲಗಿಸಿ ಹಿಡಿದು ಕೂದಲೆಳೆಯಷ್ಟು ಹೆರೆದು ತೆಗೆಯಬಹುದು. ಆದರೆ ಹೆರೆದ ಜಾಗದಲ್ಲಿ ಮತ್ತೆ ಬಣ್ಣ ಚೆನ್ನಾಗಿ ಕೂರುವುದಿಲ್ಲ. ಆದ್ದರಿಂದ ಬ್ಲೇಡು ಚಿತ್ರ ಮುಗಿಯುವ ವೇಳೆಯಲ್ಲಿ ಮಾತ್ರ ಹೊರಬರತಕ್ಕದ್ದು.

ಅಧ್ಯಾಪಕ: ಬ್ಲೇಡೆಂದೊಡನೆ ಮೆಂಡರಿನ ಮಾತು ಬರಬೇಕು.

ಚಿತ್ರಕರ್ತೆ: ಬರಲೇಬೇಕು, ಅದೂ ಒಂದು ಬಗೆಯಲ್ಲಿ ಅಳಿಸುವ ವಿದ್ಯೆಗೆ ಸೇರಿದ್ದೇ. ಮೊಂಡಾದ ಪೆನ್ಸಿಲ್ಲು ಕಾಗದದ ಉಬ್ಬುಗಳ ಮೇಲೆ ಮಾತ್ರ ಸವರಿಕೊಂಡು ಹೋಗುತ್ತದೆ, ತಗ್ಗುಗಳು ಬಿಳಿಯಾಗಿ ಉಳಿಯುವುದನ್ನು ಕಂಡು ನಾವು ಇನ್ನೂ ಒತ್ತುತ್ತೇವೆ, ಒತ್ತಿದ್ದು ಅಳಿಯದು. ಮೊನೆ ಚೂಪಾಗಿದ್ದರೆ ಕೈಯ ಭಾರವನ್ನೇ ಬಿಡದೆ ತಗ್ಗುಗಳಿಗೂ ಬಣ್ಣವನ್ನು ಮುಟ್ಟಿಸಬಹುದು, ಮತ್ತು ಹಗುರಾಗಿ ಕೂತ ಬಣ್ಣವನ್ನು ನಾದುವ ರಬ್ಬರು ಸುಲಭವಾಗಿ ತೆಗೆಯುತ್ತದೆ. ಮೇಣದ ಕಡ್ಡಿ ಮೃದುವಾದ್ದರಿಂದ ಮೆಂಡರಿನ ಅಲಗು ಹೊಸದಾಗಿರಬೇಕು. ಪೆನ್ಸಿಲ್ಲನ್ನು ತಿರುಗಿಸುವುದಕ್ಕೆ ಬದಲು, ಅದನ್ನು ನೆಟ್ಟಗೆ ಹಿಡಿದು ಮೆಂಡರನ್ನು ನಿಧಾನವಾಗಿ ತಿರುಗಿಸಿದರೆ ಮೊನೆ ಮುರಿಯುವುದು ಕಡಮೆ. ಪೆನ್ಸಿಲ್ಲು ನೆಲಕ್ಕೆ ಬಿದ್ದರೆ ಒಳಗಿನ ಕಡ್ಡಿ ಉದ್ದಕ್ಕೂ ತುಂಡಾಗಿ, ಹೆರೆದಂತೆಲ್ಲ ಉದುರುತ್ತದೆ. ಅದನ್ನು ಹುಡುಗರಿಗೆ ಮೊದಲ ದಿನವೇ ಹೇಳಿ. ಇದರ ಜೊತೆಗೆ, ದಯವಿಟ್ಟು, ಒಂದು ಅಗಲವಾದ ಮೃದುವಾದ ಕುಂಚವನ್ನು ಪಟ್ಟಿಗೆ ಸೇರಿಸಿ. ರಬ್ಬರಿನ ಪುಡಿಯನ್ನೂ ಬಣ್ಣದ ಹರಳುಗಳನ್ನೂ ಅಂಗೈಯಿಂದ ಸವರಿದರೆ ಅವು ಕಾಗದಕ್ಕೆ ಮೆತ್ತಿಕೊಳ್ಳುತ್ತವೆ. ಬಾಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ. ಕುಂಚದಿಂದ ಗುಡಿಸುವುದೊಂದೇ ಸರಿಯಾದ ಮಾರ್ಗ.

ಅಧ್ಯಾಪಕ: ಬಣ್ಣಗಳನ್ನು ಬೆರೆಸುವುದಕ್ಕೆಂದು ಮಾರುವ ದ್ರವ್ಯಗಳು?

ಚಿತ್ರಕರ್ತೆ: ಬಣ್ಣವಿಲ್ಲದ ಬೆರಕೆಯ ಪೆನ್ಸಿಲ್ಲು ನಿರಪಾಯವಾದದ್ದು, ಬರಿಯ ಮೇಣದ ಕಡ್ಡಿ, ಪದರಗಳನ್ನು ಒಂದಾಗಿಸಿ ಹೊಳಪು ಕೊಡುತ್ತದೆ. ವಾಸನೆಯಿಲ್ಲದ ಮಿನರಲ್ ಸ್ಪಿರಿಟ್ಟನ್ನು ಕುಂಚದಿಂದ ಸವರಿದರೆ ಮೇಣ ಕರಗಿ, ಬಣ್ಣ ತಗ್ಗುಗಳಿಗೆಲ್ಲ ಹರಿದು ನೀರಿನ ಬಣ್ಣದಂತೆ ಸಮನಾಗುತ್ತದೆ. ಆದರೆ ಹಾಗೆ ನಾರಿನೊಳಕ್ಕೆ ಇಳಿದ ಬಣ್ಣವನ್ನು ಮತ್ತೆ ಹೊರಗೆ ತರುವುದು ಯಾವ ಸಾಧನದಿಂದಲೂ ಆಗದು. ತಿದ್ದುವುದೆಲ್ಲ ಮುಗಿದ ಮೇಲೆಯೇ ಅದರ ಕೆಲಸ. ತರಗತಿಯಲ್ಲಿ ಕಿಟಕಿಗಳು ತೆರೆದಿರಬೇಕೆಂಬುದರಿಂದಲೂ ಮೊದಲ ವರ್ಷದವರಿಗೆ ಅದು ಬೇಡವೆಂದೇ ನನ್ನ ಮತ.

ಅಧ್ಯಾಪಕ: ಸುಲಭವಾಗಿ ಅಳಿಯುವ ಬಣ್ಣದ ಪೆನ್ಸಿಲ್ಲುಗಳೇ ಉಂಟೆಂದು ಒಬ್ಬರು ಹೇಳಿದರು. ಅವನ್ನೇ ಕೊಡಿಸಿದರೆ ಇಷ್ಟೆಲ್ಲ ಶ್ರಮ ತಪ್ಪುವುದಲ್ಲವೆ?

ಚಿತ್ರಕರ್ತೆ: ಉಂಟು, ಕಾಲ್-ಇರೇಸ್ ಎಂಬ ಪೆನ್ಸಿಲ್ಲುಗಳು, ಚಲಿಸುವ ಚಿತ್ರಗಳನ್ನು ಕೈಯಿಂದ ಬರೆಯುತ್ತಿದ್ದವರ ಮೇಜಿನ ಮೇಲೆ ಬಹುಕಾಲ ಆಳಿದವು. ಅವರಿಗೆ ಬೇಕಾಗಿದ್ದದ್ದು ಕರಡಿನ ರೇಖೆ. ಸಾವಿರಾರು ಹಾಳೆಗಳಲ್ಲಿ ಬರೆದು ಅಳಿಸುವ ಕೆಲಸ. ಆ ಕಡ್ಡಿಗಳು ಗಡುಸು, ಬಣ್ಣ ತೆಳು. ಕಾಗದವನ್ನು ಬಿಗಿಯಾಗಿ ಹಿಡಿಯದ ಬಣ್ಣ ಅಳಿಸುವುದಕ್ಕೆ ಎಷ್ಟು ಸುಲಭವೋ, ಪದರದ ಮೇಲೆ ಪದರವನ್ನು ಕಟ್ಟುವುದಕ್ಕೆ ಅಷ್ಟೇ ದುರ್ಬಲ. ಮುತ್ತುಗದ ಹೂವಿನ ಆ ಉರಿಯುವ ಕೇಸರಿಯನ್ನು ಅದರಲ್ಲಿ ತರುವುದು ಅಸಾಧ್ಯ. ನಮ್ಮ ಪೆನ್ಸಿಲ್ಲಿನಲ್ಲಿ ಅಳಿಸುವುದಕ್ಕೆ ಅಡ್ಡಬರುವ ಗುಣ ಯಾವುದೋ, ಅದೇ ಅದರ ಕಾಂತಿಗೂ ಕಾರಣ. ಕರಡಿಗೆ ಬೇಕಾದರೆ ಒಂದೆರಡನ್ನು ಇಟ್ಟುಕೊಳ್ಳಬಹುದು. ಗ್ರಾಫೈಟಿನ ಕಪ್ಪು ತಪ್ಪುತ್ತದೆ.

ಅಧ್ಯಾಪಕ: ಕಾಂತಿಯ ಮಾತು ಬಂದದ್ದರಿಂದ ಕೇಳುತ್ತೇನೆ. ಈ ಚಿತ್ರಗಳು ನಮಗೆ ದಾಖಲೆಗಳೂ ಆಗಬೇಕು. ಒಣಗಿಸಿ ಅಂಟಿಸಿದ ಸಸ್ಯದ ಮಾದರಿಯಲ್ಲಿ ಹೂವಿನ ಬಣ್ಣ ಬೇಗ ಮಾಯವಾಗುತ್ತದೆ. ಚಿತ್ರದಲ್ಲಾದರೂ ಉಳಿಯಲೆಂಬುದು ನಮ್ಮ ಆಸೆ. ರಬ್ಬರಿಗೆ ಬಗ್ಗದ ಬಣ್ಣ ಕಾಲಕ್ಕೂ ಬಗ್ಗದೆಂದು ನಂಬಬಹುದೆ?

ಚಿತ್ರಕರ್ತೆ: ನಂಬಬಾರದು, ಇದನ್ನು ತಾವೇ ಕೇಳಿದ್ದು ಸಂತೋಷ. ರಬ್ಬರಿನಿಂದ ಕದಲದ ಎಷ್ಟೋ ನಸುಗೆಂಪುಗಳು, ನೇರಳೆಗಳು, ಕಿಟಕಿಯ ಬೆಳಕಿಗೆ ಕೆಲವೇ ತಿಂಗಳಲ್ಲಿ ಪೇಲವವಾಗುತ್ತವೆ. ಬೆಳಕನ್ನು ತಡೆಯುವ ಶಕ್ತಿಯನ್ನು ಅಳೆಯುವುದಕ್ಕೆ ಅಮೆರಿಕದ ಎ.ಎಸ್.ಟಿ.ಎಂ. ಸಂಸ್ಥೆ ಬಣ್ಣದ ಪೆನ್ಸಿಲ್ಲುಗಳಿಗೆಂದೇ ಡಿ 6901 ಎಂಬ ಪ್ರಮಾಣವನ್ನು ಗೊತ್ತುಮಾಡಿದೆ. ಸ್ವಿಟ್ಜರ್ಲೆಂಡಿನ ಕಾರಾನ್ ದಾಶ್ ಸಂಸ್ಥೆ ತನ್ನ ಲ್ಯೂಮಿನನ್ಸ್ ಪೆನ್ಸಿಲ್ಲುಗಳಿಗೆ ಆ ಅಂಕಿಯನ್ನೇ ಹೆಸರಿನೊಡನೆ ಸೇರಿಸಿ 6901 ಎಂದು ಕರೆದಿದೆ. ಅವು ಬೆಲೆ ಹೆಚ್ಚಿನವು. ಎಲ್ಲರಿಗೂ ಕೊಡಿಸುವುದು ಸಾಧ್ಯವಿಲ್ಲ. ಆದರೆ ಪರೀಕ್ಷೆಯನ್ನು ನಾವೇ ಮಾಡಬಹುದು. ಇರುವ ಪೆನ್ಸಿಲ್ಲುಗಳ ಬಣ್ಣವನ್ನೆಲ್ಲ ಒಂದು ಕಾಗದದ ಪಟ್ಟಿಯ ಮೇಲೆ ಹಾಕಿ, ಅರ್ಧವನ್ನು ಕಪ್ಪು ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಸಂಕ್ರಾಂತಿಯಿಂದ ದಸರೆಯ ಪರ್ಯಂತ ಅಂಟಿಸಿಡಿ; ರಟ್ಟನ್ನು ತೆಗೆದಾಗ ಯಾವುದು ವಿಶ್ವಾಸಕ್ಕೆ ಅರ್ಹ, ಯಾವುದು ಅಲ್ಲವೆಂಬುದು ತಾನಾಗಿ ತಿಳಿಯುತ್ತದೆ. ತಮ್ಮಂತಹ ಶಾಸ್ತ್ರದವರ ವಿದ್ಯಾರ್ಥಿಗಳಿಗೆ ಇದು ಪ್ರಯೋಗವೂ ಆಗುತ್ತದೆ.

ಅಧ್ಯಾಪಕ: ಅದೇ ಪಟ್ಟಿಯಲ್ಲಿ ಅಳಿಸುವ ಪರೀಕ್ಷೆಯನ್ನೂ ಸೇರಿಸಿದರೆ?

ಚಿತ್ರಕರ್ತೆ: ಅವಶ್ಯವಾಗಿ ಸೇರಿಸಿ; ಕಾಗದ ಮಾತ್ರ ಬೇರೆಯದಾಗಿರಲಿ, ಚಿತ್ರಕ್ಕೆ ಉಪಯೋಗಿಸುವ ಜಾತಿಯದೇ ಆಗಿರಲಿ. ಪ್ರತಿಯೊಂದು ಬಣ್ಣವನ್ನೂ ಎರಡು ಚೌಕಗಳಲ್ಲಿ, ಒಂದರಲ್ಲಿ ಹಗುರಾಗಿ ಮತ್ತೊಂದರಲ್ಲಿ ಒತ್ತಿ ಹಾಕಿಸಿ, ಎರಡಕ್ಕೂ ಅಡ್ಡಲಾಗಿ ನಾದುವ ರಬ್ಬರು, ಟೇಪು, ಬಿಳಿಯ ರಬ್ಬರು ಈ ಮೂರನ್ನೂ ಪ್ರಯೋಗಿಸಿ, ಉಳಿದದ್ದೆಷ್ಟೆಂದು ಅಂಚಿನಲ್ಲಿ ಬರೆಯಿಸಿ. ಥ್ಯಾಲೊ ನೀಲಿಯ ಚೌಕದಿಂದ ಆರಂಭಿಸಿದರೆ ಒಳ್ಳೆಯದು. ಒತ್ತಿದ ಬಣ್ಣ ಮೂರು ಸಾಧನಗಳಿಗೂ ಜಗ್ಗದಿರುವುದನ್ನು ಅವರೇ ಕಂಡರೆ, ಹಗುರವಾದ ಕೈಯ ವಿಚಾರದಲ್ಲಿ ತಾವು ಉಪನ್ಯಾಸ ಮಾಡಬೇಕಾಗಿಯೇ ಬರುವುದಿಲ್ಲ. ಪಟ್ಟಿಯಲ್ಲಿ ಏನೇನು ಬರೆದುಕೊಂಡಿದ್ದೀರಿ, ಓದಿ ನೋಡೋಣ.

ಅಧ್ಯಾಪಕ: ಒಬ್ಬೊಬ್ಬರಿಗೂ ನಾದುವ ರಬ್ಬರು, ನಾನ್-ಡಸ್ಟ್ ರಬ್ಬರು, ಮೆಂಡರು, ಕುಂಚ, ಹತ್ತಿಯ ಕಾಗದ, ಇಡೀ ತರಗತಿಗೆ ಟೇಪು, ಬ್ಲೂ ಟ್ಯಾಕ್, ಗುಂಡುತುದಿಯ ಕಡ್ಡಿಗಳು, ಉಕ್ಕಿನ ಹಲಗೆ, ಬ್ಯಾಟರಿಯ ರಬ್ಬರು ಒಂದು. ಶಾಯಿ ತೀರಿದ ಬಾಲ್‌ಪೆನ್ನುಗಳನ್ನು ಅವರವರ ಮನೆಯಿಂದಲೇ ತರಿಸುತ್ತೇನೆ.

ಚಿತ್ರಕರ್ತೆ: ಕರಡಿಗೆ ಅಗ್ಗದ ಕಾಗದವನ್ನು ಮರೆತಿದ್ದೀರಿ. ಅದನ್ನು ಎಲ್ಲಕ್ಕಿಂತ ಮೇಲೆ ಬರೆದು, ಎಷ್ಟು ಸಾಧ್ಯವೋ ಅಷ್ಟು ಹೆಚ್ಚಾಗಿ ತರಿಸಿ.